ಪಟ್ಟಿಗಳ ಮೋಹ

ವರ್ಷವು ಮುಗಿಯುತ್ತ ಬಂದಿತೆಂದರೆ ವೃತ್ತಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಪಟ್ಟಿಗಳ ಸುಗ್ಗಿ ಆರಂಭವಾಗುವುದೆಂಬುದನ್ನು ನಮ್ಮ ವಾಚಕರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಹತ್ತು ಉತ್ತಮ ಚಲಚ್ಚಿತ್ರಗಳು, ಹತ್ತು ಮಧುರ ಗೀತಗಳು, ಹತ್ತು ಮಂದಿ ಧನಿಕರು, ಹತ್ತು ಮಹಾಪ್ರಮಾದಗಳು, ಹತ್ತು ನಗೆಪಾಟಲಿನ ಭಾಷಣಗಳು, ಹೀಗೆ ಲೋಕದ ಸಮಸ್ತ ವಸ್ತುಗಳೂ ಸಾಲಾಗಿ ಬಂದು ನಿಂತು ಕೊರಳಿಗೆ ಒಂದೊಂದು ಸಂಖ್ಯೆಯನ್ನು ಕಟ್ಟಿಸಿಕೊಳ್ಳುವುವು. ನಮ್ಮ ಪತ್ರಿಕೆಯಲ್ಲಿ ಇಂತಹವು ವಿರಳವೇಕೆಂದು ಏಜೆಂಟರು ಕೇಳಿ ಬರೆದಿರುವರು. ಪಟ್ಟಿ ಬಂದ ದಿನ ಪ್ರತಿಗಳು ಮಧ್ಯಾಹ್ನದೊಳಗೆ ಮುಗಿಯುವುವೆಂದೂ, ಅಗ್ರಲೇಖನ ಬಂದ ದಿನ ಹಾಗಾಗುವುದಿಲ್ಲವೆಂದೂ ಅವರಲ್ಲಿ ಒಬ್ಬರು ನಿರ್ದಾಕ್ಷಿಣ್ಯವಾಗಿ ತಿಳಿಸಿದ್ದಾರೆ. ಅಗ್ರಲೇಖನವು ಪ್ರತಿದಿನವೂ ಬರುವುದಾದುದರಿಂದ ಈ ವಾದದಲ್ಲಿ ತರ್ಕದೋಷವಿದೆ. ಆದರೂ ಅವರ ಅಭಿಪ್ರಾಯವೇನೆಂಬುದು ನಮಗೆ ತಿಳಿಯದೆ ಇಲ್ಲ.

ಈ ಪಟ್ಟಿಗಳನ್ನು ಕಂಡು ಕೆಲವರು ವಿದ್ವಾಂಸರು ಕಿಡಿಕಿಡಿಯಾಗುತ್ತಾರೆ. ಜನರ ಅಭಿರುಚಿ ಕೆಟ್ಟಿತೆಂದೂ, ವಿಚಾರವನ್ನು ಚೂರುಚೂರು ಮಾಡಿ ತಿನ್ನಿಸಿದರಲ್ಲದೆ ಗಂಟಲಲ್ಲಿ ಇಳಿಯದಂತಾಯಿತೆಂದೂ, ಇದೆಲ್ಲವೂ ಪಾಶ್ಚಾತ್ಯರಿಂದ ಅಂಟಿದ ರೋಗವೆಂದೂ ಅವರ ಆಕ್ಷೇಪ. ಈ ಕೊನೆಯ ಮಾತನ್ನು ನಾವು ಒಪ್ಪಲಾರೆವು. ಪಾಠಶಾಲೆಯ ಜಗಲಿಯಲ್ಲಿ ಕುಳಿತು ಅಮರಕೋಶವನ್ನು ಬಾಯಿಪಾಠ ಮಾಡಿದವರು ಪಟ್ಟಿಯು ಪರದೇಶದ ಸರಕೆಂದು ಹೇಳುವುದು ಹೇಗೆ? ಶ್ರೇಣಿ ಕಟ್ಟುವ ವಿನೋದವೂ ನಮ್ಮವರಿಗೆ ಹೊಸದಲ್ಲ. ಹಿಂದೆ ಕವಿಗಳನ್ನು ಎಣಿಸಲು ಹೊರಟವರು ಕಿರುಬೆರಳಿನಲ್ಲಿ ಕಾಳಿದಾಸನನ್ನು ಇಟ್ಟರಂತೆ. ಅವನಿಗೆ ಸರಿಗಟ್ಟುವ ಇನ್ನೊಬ್ಬನು ದೊರೆಯದೆ ಹೋದುದರಿಂದ ಪಕ್ಕದ ಬೆರಳಿಗೆ ಅನಾಮಿಕೆಯೆಂಬ ಹೆಸರು ಸಾರ್ಥಕವಾಯಿತಂತೆ. ಈ ಕಥೆಯನ್ನು ಕೇಳದ ಸಂಸ್ಕೃತ ವಿದ್ಯಾರ್ಥಿ ಇಲ್ಲ. ಒಂದೇ ಹೆಸರುಳ್ಳ ಪಟ್ಟಿ, ಎರಡನೆಯ ಸ್ಥಾನ ಖಾಲಿ! ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಹರಿತವಾದ ಶ್ರೇಣಿಯನ್ನು ಈಗಿನ ಯಾವ ಪತ್ರಿಕೆಯವರೂ ಕಟ್ಟಿಲ್ಲ. ಪಂಪ, ಪೊನ್ನ, ರನ್ನರನ್ನು ರತ್ನತ್ರಯವೆಂದು ಕರೆದ ನಾವು ಆ ಮೂವರಲ್ಲಿ ಯಾರು ಹೆಚ್ಚೆಂಬ ಚರ್ಚೆಯನ್ನು ಬಿಟ್ಟವರಲ್ಲ. ಸರ್ವಜ್ಞನಂತೂ ಲೋಕದ ಪದಾರ್ಥಗಳನ್ನು ಒಂದೊಂದಾಗಿ ಎಣಿಸುತ್ತ ಬಂದು ಕೊನೆಗೆ ಎಲ್ಲಕ್ಕೂ ಸೇರಿಸಿ ಒಂದೇ ಪೆಟ್ಟು ಕೊಡುವ ವಿದ್ಯೆಯಲ್ಲಿ ನಿಪುಣನಾಗಿದ್ದನು.

ಆದರೆ ಶ್ರೇಣಿ ಕಟ್ಟಿ ನಗಿಸುವುದನ್ನೇ ಒಂದು ವ್ಯಾಪಾರವನ್ನಾಗಿ ಬೆಳೆಸಿದ ಕೀರ್ತಿ ಜಪಾನಿನವರಿಗೆ ಸಲ್ಲಬೇಕು. ಅಲ್ಲಿ ಸುಮೋ ಎಂಬ ಮಲ್ಲಯುದ್ಧದ ಪಂದ್ಯಗಳಿಗೆ ಮೊದಲು ಜಟ್ಟಿಗಳ ಅಂತಸ್ತನ್ನು ತಿಳಿಸುವ ‘ಬಂಜುಕೆ’ ಎಂಬ ಹಾಳೆಯನ್ನು ಅಚ್ಚು ಹಾಕುವ ಪದ್ಧತಿಯುಂಟು. ಇಂದು ಟೋಕಿಯೋ ಎನ್ನಿಸಿಕೊಳ್ಳುವ ಎಡೊ ನಗರದಲ್ಲಿ ಒಂದೇ ಉದ್ದನೆಯ ಹಾಳೆಯ ಬಂಜುಕೆಯು ೧೭೫೭ರಲ್ಲಿ ಮೊದಲು ಹೊರಟಿತು. ಹಾಳೆಯ ಬಲಗಡೆ ಪೂರ್ವಪಕ್ಷದವರು, ಎಡಗಡೆ ಪಶ್ಚಿಮಪಕ್ಷದವರು. ಮೇಲಿನ ಸಾಲಿನಲ್ಲಿ ಓಜೆಕಿ, ಸೆಕಿವಾಕೆ, ಕೊಮುಸುಬಿ ಎಂಬ ಪದವಿಗಳನ್ನು ಪಡೆದ ಮಹಾಮಲ್ಲರ ಹೆಸರುಗಳು ದಪ್ಪ ಅಕ್ಷರಗಳಲ್ಲಿ ರಾರಾಜಿಸುವುವು. ಕೆಳಗೆ ಇಳಿದಂತೆಲ್ಲ ಅಕ್ಷರಗಳು ಬಡವಾಗುತ್ತ ಹೋಗಿ, ಕಟ್ಟಕಡೆಯ ಜಟ್ಟಿಯ ಹೆಸರನ್ನು ಓದಲು ಅವನ ತಾಯಿಗೂ ಕನ್ನಡಕ ಸಾಲದು. ನಟ್ಟನಡುವೆ, ಅಧಿಕಾರಿಗಳ ಅಪ್ಪಣೆ ದೊರೆತಿದೆ ಎಂಬರ್ಥದ ಬರಹವು ಎಲ್ಲಕ್ಕಿಂತ ದೊಡ್ಡದಾಗಿರುವುದು.

ಎಡೊ ನಗರದ ಮುದ್ರಕರು ಚತುರರು. ಈ ನಮೂನೆಯನ್ನು ಹಾಗೆಯೇ ಎತ್ತಿಕೊಂಡು, ಜಟ್ಟಿಗಳಿರುವ ಕಡೆ ಬೇರೆ ಏನನ್ನು ಬೇಕಾದರೂ ತುಂಬಿ ಮಾರತೊಡಗಿದರು. ದೇಶದ ಬಿಸಿನೀರಿನ ಬುಗ್ಗೆಗಳ ಬಂಜುಕೆ ಬಂದಿತು. ಅದರಲ್ಲಿ ಪೂರ್ವದ ಓಜೆಕಿ ಕುಸಾತ್ಸು, ಪಶ್ಚಿಮದ ಓಜೆಕಿ ಅರಿಮಾ. ಊಟದ ಮನೆಗಳ ಬಂಜುಕೆ ಬಂದಿತು. ೧೮೩೦ರ ದಶಕದ ಸುಮಾರಿನಲ್ಲಿ ಮಿತವ್ಯಯದ ಅಡಿಗೆಗಳ ಬಂಜುಕೆಯೊಂದು ಬಂದಿತು. ಅದೇ ನಮಗೆ ಎಲ್ಲಕ್ಕಿಂತ ಪ್ರಿಯವಾದುದು. ಅದರಲ್ಲಿ ಒಂದು ಪಕ್ಷ ಶಾಕಾಹಾರದ್ದು, ಇನ್ನೊಂದು ಮತ್ಸ್ಯಾಹಾರದ್ದು. ಸೋಯಾ ಕಾಳಿನ ಹಾಲನ್ನು ಒಡೆಸಿ ಮಾಡುವ ತೋಫುವಿನ ಒಂದು ಸಾಮಾನ್ಯ ಸಾರು ಅತ್ತ ಓಜೆಕಿ. ಕಡ್ಡಿಗೆ ಪೋಣಿಸಿ ಒಣಗಿಸಿದ ಬೂತಾಯಿಯಂತಹ ಸಣ್ಣ ಮೀನು ಇತ್ತ ಓಜೆಕಿ. ಬಡವರ ಮನೆಯ ನಿತ್ಯದ ಸಾರು ಮಹಾಮಲ್ಲನ ಪಟ್ಟವನ್ನೇರಿ ನಿಂತಿದೆ. ಅದರ ಕೆಳಗೆ ಸೊಪ್ಪು, ಗೆಡ್ಡೆ, ಬೇಳೆಗಳು ತಮ್ಮ ತಮ್ಮ ಯೋಗ್ಯತೆಯಂತೆ ಕಚ್ಚೆ ಬಿಗಿದು ನಿಂತಿವೆ! ಗೃಹಿಣಿಗೆ ನಾಳೆ ಏನು ಅಡಿಗೆ ಮಾಡಬೇಕೆಂಬ ಚಿಂತೆ ತೀರಿತು, ಗೃಹಸ್ಥನಿಗೆ ನಗು ಬಂದಿತು, ಮುದ್ರಕನಿಗೆ ಕಾಸು ಬಂದಿತು. ೧೮೫೫ರಲ್ಲಿ ಎಡೊ ನಗರವನ್ನು ಮಹಾಭೂಕಂಪವು ಕೆಡವಿದ ನಂತರವೂ ಬಂಜುಕೆಯ ಮಾದರಿಯ ಹಾಳೆಗಳು ಬೀದಿಗೆ ಬಂದುವು. ಕೆಡುಕಿನ ನಡುವೆಯೂ ಜನರು ಶ್ರೇಣಿಯನ್ನು ಬಿಡಲಿಲ್ಲ.

ಆ ಕಾಲದ ಜಪಾನು ಹುಟ್ಟಿನಿಂದ ಅಂತಸ್ತು ಗೊತ್ತಾಗುತ್ತಿದ್ದ ದೇಶವಾಗಿದ್ದಿತೆಂಬುದನ್ನು ವಾಚಕರು ಜ್ಞಾಪಕದಲ್ಲಿಡಬೇಕು. ಕತ್ತಿ ಕಟ್ಟುವ ಸಮುರಾಯಿ ಮೇಲೆ, ಅವನ ಕೆಳಗೆ ರೈತ, ಅವನ ಕೆಳಗೆ ಕುಶಲಕರ್ಮಿ, ಕೊನೆಯಲ್ಲಿ ವರ್ತಕ ಎಂಬುದು ಗ್ರಂಥಸ್ಥವಾದ ಕ್ರಮ. ಸ್ವಂತ ಸ್ಥಾನವನ್ನು ಬದಲಾಯಿಸಿಕೊಳ್ಳಲಾಗದ ವರ್ತಕನು ಎರಡು ಕಾಸು ಕೊಟ್ಟು ಕೊಂಡ ಹಾಳೆಯಲ್ಲಿ ತೋಫುವನ್ನು ಪಟ್ಟಕ್ಕೇರಿಸಿ ನಗುತ್ತಿದ್ದನೆಂದರೆ, ಆ ನಗು ತೋಫುವನ್ನು ಕುರಿತದ್ದೆಂದು ನಾವು ಭಾವಿಸುವುದಿಲ್ಲ. ಅಪ್ಪಣೆ, ಪದವಿ, ದಪ್ಪಕ್ಷರಗಳ ಆಡಂಬರವನ್ನು ಕುರಿತದ್ದೆಂದು ಭಾವಿಸುತ್ತೇವೆ. ಪಟ್ಟಿಯ ಗಾಂಭೀರ್ಯವೇ ಅಲ್ಲಿ ಹಾಸ್ಯದ ವಸ್ತು.

ಇದಕ್ಕೆ ಸಾಕ್ಷಿಯಾಗಿ ನೂರೈವತ್ತು ವರ್ಷಗಳಷ್ಟು ಈಚೆಗೆ, ಸಮುದ್ರದ ಇನ್ನೊಂದು ದಡದಲ್ಲಿ ನಡೆದುದನ್ನು ಹೇಳಬಹುದು. ಅಮೇರಿಕದ ದೂರದರ್ಶನದಲ್ಲಿ ಡೇವಿಡ್ ಲೆಟರ್‌ಮನ್ ಎಂಬ ವಿನೋದಗಾರರು ೧೯೮೫ರ ಸೆಪ್ಟೆಂಬರ್ ೧೮ರಂದು ತಮ್ಮ ಮೊದಲ ‘ಹತ್ತರ ಪಟ್ಟಿ’ಯನ್ನು ಓದಿದರು. ವಿಷಯವಾವುದು? ಬಟಾಣಿಗೆ ಇಂಗ್ಲಿಷಿನಲ್ಲಿರುವ ಹೆಸರಿನೊಡನೆ ಹೆಚ್ಚು ಕಡಿಮೆ ಪ್ರಾಸವಾಗುವ ಹತ್ತು ಮಾತುಗಳು! ಪ್ರಾಸವಾಗುವುವಲ್ಲ, ಹೆಚ್ಚು ಕಡಿಮೆ ಆಗುವುವು. ಇದಕ್ಕಿಂತ ನಿರರ್ಥಕವಾದ ಪಟ್ಟಿಯನ್ನು ಕಲ್ಪಿಸಲು ಸಾಧ್ಯವಿಲ್ಲ; ಆ ನಿರರ್ಥಕತೆಯೇ ಅದರ ಅರ್ಥ. ಅದರ ಹುಟ್ಟನ್ನು ಕುರಿತು ಹೇಳುವ ಕಥೆಗಳಲ್ಲಿ ಒಂದು ಹೀಗಿದೆ: ಯಾವುದೋ ಪತ್ರಿಕೆಯು ಮದುವೆಗೆ ಯೋಗ್ಯರಾದ ಪುರುಷರ ಪಟ್ಟಿಯನ್ನು ಪರಮಗಾಂಭೀರ್ಯದಿಂದ ಪ್ರಕಟಿಸಿ, ಅದರಲ್ಲಿ ಎಂಬತ್ತು ದಾಟಿದ ಒಬ್ಬ ಶ್ರೀಮಂತ ಮುದುಕರನ್ನೂ ಸೇರಿಸಿತ್ತಂತೆ, ಅದನ್ನು ನೋಡಿದ ಲೆಟರ್‌ಮನ್ನರ ಬರಹಗಾರರಿಗೆ ಇಂತಹ ಪಟ್ಟಿ ನಾವೂ ಮಾಡಬಲ್ಲೆವೆಂದು ತೋರಿತಂತೆ. ಹತ್ತನೆಯದರಿಂದ ತೊಡಗಿ ಒಂದನೆಯದಕ್ಕೆ ಬರುವುದು ಅವರ ಕ್ರಮ. ಈ ಪಟ್ಟಿಯು ಮುಖ್ಯ ಕಚೇರಿಯಿಂದ ಈಗತಾನೆ ಬಂದಿದೆಯೆಂದು ಅವರು ಸಾರುತ್ತಿದ್ದರು. ೧೯೯೬ರಿಂದ ಆ ಮುಖ್ಯ ಕಚೇರಿಯು ನೆಬ್ರಾಸ್ಕಾ ಸಂಸ್ಥಾನದ ವಾಹೂ ಎಂಬ ಸಣ್ಣ ಊರಿನಲ್ಲಿರುವುದೆಂದು ಹೇಳುತ್ತಿದ್ದರು. ಕಚೇರಿಯೂ ಇಲ್ಲ, ಗುಮಾಸ್ತರೂ ಇಲ್ಲ. ಎಡೊ ನಗರದ ಹಾಳೆಯ ನಡುವೆ ಅಧಿಕಾರಿಗಳ ಅಪ್ಪಣೆಯಿದ್ದ ಜಾಗದಲ್ಲಿ ಇಲ್ಲಿ ವಾಹೂ ಊರಿನ ಕಚೇರಿ ಬಂದು ಕುಳಿತಿದೆ! ಒಬ್ಬರನ್ನೊಬ್ಬರು ಕಂಡು ಕೇಳರಿಯದ ಎರಡು ಜನಾಂಗಗಳು ಒಂದೇ ಕೀಲನ್ನು ಕಂಡುಕೊಂಡುವೆಂಬುದು ನಮಗೆ ಬಹಳ ಸ್ವಾರಸ್ಯವಾಗಿ ತೋರಿತು. ೧೯೯೩ರಲ್ಲಿ ಲೆಟರ್‌ಮನ್ನರು ಒಂದು ಸಂಸ್ಥೆಯನ್ನು ಬಿಟ್ಟು ಇನ್ನೊಂದನ್ನು ಸೇರಿದಾಗ, ಆ ಪಟ್ಟಿ ತನ್ನ ಸ್ವತ್ತೆಂದು ಹಳೆಯ ಸಂಸ್ಥೆಯು ಹಕ್ಕು ಸಾಧಿಸಿತು. ಹತ್ತರವರೆಗೆ ಎಣಿಸುವುದರ ಮೇಲೆ ಇನ್ನೊಬ್ಬರ ಹಕ್ಕು! ಹೆಸರನ್ನು ಸ್ವಲ್ಪ ತಿದ್ದಿಕೊಂಡು ಅವರು ೨೦೧೫ರ ಮೇ ೨೦ರಂದು ನಿವೃತ್ತರಾಗುವವರೆಗೂ ಎಣಿಸುತ್ತಲೇ ಇದ್ದರು.

ನಮ್ಮ ದೇಶದಲ್ಲಿ ಶ್ರೇಣಿಯ ರುಚಿಯನ್ನು ಮನೆಮನೆಗೆ ಹತ್ತಿಸಿದುದು ಹಾಡು. ೧೯೫೨ರಿಂದ ೧೯೬೨ರ ವರೆಗೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾಗಿದ್ದ ಶ್ರೀ ಬಿ. ವಿ. ಕೇಸ್ಕರರು ಚಲಚ್ಚಿತ್ರಗೀತಗಳು ಅಗ್ಗದವೆಂದು ಭಾವಿಸಿ ಆಕಾಶವಾಣಿಯಲ್ಲಿ ಅವಕ್ಕೆ ಎಡೆ ಇಲ್ಲದಂತೆ ಮಾಡಿದರು. ಅವರ ಶಾಸ್ತ್ರೀಯ ಸಂಗೀತದ ಪ್ರೀತಿ ನಿಷ್ಕಪಟವಾದುದು, ಆದರೆ ಫಲವೇನಾಯಿತು? ಜನರು ರೇಡಿಯೋದ ಮುಳ್ಳನ್ನು ಸಿಂಹಳದ ಕಡೆಗೆ ತಿರುಗಿಸಿದರು. ಅಲ್ಲಿಂದ ೧೯೫೨ರ ಡಿಸೆಂಬರಿನಲ್ಲಿ ಬಿನಾಕಾ ಎಂಬ ಹಲ್ಲುಜ್ಜುವ ಸರಕಿನ ಹೆಸರಿನಲ್ಲಿ ‘ಗೀತಮಾಲಾ’ ಆರಂಭವಾಯಿತು. ಅದನ್ನು ನಡೆಸಿದ ಅಮೀನ್ ಸಯಾನಿಯವರು ಆಗ ಇಪ್ಪತ್ತರ ತರುಣ. ಅವರ ತಾಯಿ ಕುಲ್ಸುಂ ಸಯಾನಿಯವರು ಗಾಂಧೀಜಿಯವರ ಪ್ರೇರಣೆಯಿಂದ ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ರಹಬರ್’ ಎಂಬ ಪಾಕ್ಷಿಕವನ್ನು ನಡೆಸುತ್ತಿದ್ದರು; ಅದರ ಕೆಲಸದಲ್ಲಿ ಕಲಿತ ಸರಳ ಹಿಂದುಸ್ತಾನಿಯೇ ಮುಂದೆ ಮಗನ ಬಂಡವಾಳವಾಯಿತು. ಮೊದಮೊದಲು ಏಳು ಹಾಡುಗಳನ್ನು ಹಾಕಿ ಅವುಗಳ ಕ್ರಮವನ್ನು ಶ್ರೋತೃಗಳೇ ಊಹಿಸಿ ಬರೆಯಬೇಕೆಂಬ ಸ್ಪರ್ಧೆಯಿದ್ದಿತು. ಎರಡು ವರ್ಷಗಳೊಳಗೆ ಅದು ನಿಜವಾದ ಶ್ರೇಣಿಯಾಗಿ ಮಾರ್ಪಟ್ಟಿತು. ಧ್ವನಿಮುದ್ರಿಕೆಗಳ ಮಾರಾಟದ ಲೆಕ್ಕವನ್ನೂ ಊರೂರಿನ ಶ್ರೋತೃಸಂಘಗಳ ಬೇಡಿಕೆಯನ್ನೂ ನೋಡಿ ಸ್ಥಾನ ಕಟ್ಟುತ್ತಿದ್ದರು. ಸಯಾನಿಯವರು ಸ್ಥಾನವೆನ್ನದೆ ‘ಪಾಯದಾನ್’ ಎಂದರೆ ಮೆಟ್ಟಿಲು ಎನ್ನುತ್ತಿದ್ದರು. ಬುಧವಾರ ರಾತ್ರಿ ಎಂಟು ಗಂಟೆಗೆ ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಏರುತ್ತ, ಕೊನೆಯ ಮೆಟ್ಟಿಲಿನ ಹಾಡಿಗೆ ಕಹಳೆ ಊದಿಸುತ್ತಿದ್ದರು. ರೇಡಿಯೋ ಇದ್ದ ಹೋಟೆಲಿನ ಮುಂದೆ ನಿಂತು, ತಾವು ಮೆಚ್ಚಿದ ಹಾಡು ಹೋದ ವಾರಕ್ಕಿಂತ ಮೇಲೇರಿತೋ ಇಳಿಯಿತೋ ಎಂದು ವಾದಿಸಿದವರು ನಮ್ಮ ಕನ್ನಡ ನಾಡಿನಲ್ಲಿಯೂ ಕಡಿಮೆಯಿಲ್ಲ. ಆ ಹಾಡಿನ ಭಾಷೆ ಅವರಲ್ಲಿ ಅನೇಕರಿಗೆ ಬಾರದು! ಸರ್ಕಾರವು ೧೯೫೭ರ ಅಕ್ಟೋಬರಿನಲ್ಲಿ ವಿವಿಧಭಾರತಿಯನ್ನು ತೆರೆದು ತನ್ನ ಹಟವನ್ನು ಸಡಿಲಿಸಿತು. ಗೀತಮಾಲೆಯಂತೂ ನಾಲ್ಕು ದಶಕಗಳನ್ನು ದಾಟಿತು. ೨೦೨೪ರ ಫೆಬ್ರುವರಿಯಲ್ಲಿ ಸಯಾನಿಯವರು ತೀರಿಕೊಂಡಾಗ ಆ ಮೆಟ್ಟಿಲುಗಳನ್ನು ನೆನೆಯದ ಪತ್ರಿಕೆ ಇರಲಿಲ್ಲ.

ಹಾಗಾದರೆ ಇದರ ಆಕರ್ಷಣವೇನು? ಹತ್ತೆಂಬ ಸಂಖ್ಯೆಯು ಬೆರಳುಗಳಿಗೆ ಸರಿಹೊಂದುವುದೆಂಬುದೂ, ಹಿಂದಿನಿಂದ ಎಣಿಸಿದರೆ ಕುತೂಹಲ ಬೆಳೆಯುವುದೆಂಬುದೂ ಮೇಲುಮೇಲಿನ ಕಾರಣಗಳು. ಪಟ್ಟಿಯನ್ನು ಕೈಗೆ ತೆಗೆದುಕೊಂಡವನು ಮೊದಲು ನೋಡುವುದು ಅದರಲ್ಲಿ ಏನಿಲ್ಲ ಎಂಬುದನ್ನು. ‘ಇದನ್ನು ಬಿಟ್ಟನಲ್ಲ! ಇದಕ್ಕೆ ಆರನೆಯ ಸ್ಥಾನವೆ?’ ಎಂದು ಅವನು ಸಿಟ್ಟಾಗುವ ಕ್ಷಣದಲ್ಲಿ ನ್ಯಾಯಾಧೀಶನ ಪೀಠದ ಮೇಲೆ ತಾನೇ ಹತ್ತಿ ಕುಳಿತಿರುತ್ತಾನೆ. ಪ್ರಬಂಧವನ್ನು ಓದಿ ಖಂಡಿಸಲು ಪಾಂಡಿತ್ಯ ಬೇಕು. ಪಟ್ಟಿಯನ್ನು ಖಂಡಿಸಲು ಒಂದು ಅಭಿರುಚಿ ಸಾಕು. ದಿನವಿಡೀ ಮೇಲಿನವರ ತೀರ್ಪಿಗೆ ತಲೆಬಾಗುವ ಗುಮಾಸ್ತನಿಗೆ ಇದು ಅಲ್ಪವಾದ ಸುಖವಲ್ಲ. ಹಾಸ್ಯದ ಪಟ್ಟಿಯಂತೂ ಈ ವಿಷಯದಲ್ಲಿ ಬಹು ಪ್ರಾಮಾಣಿಕವಾದುದು. ನಾನು ಕಟ್ಟಿದುದು ಮನಸ್ಸಿಗೆ ಬಂದಂತೆ, ನೀನೂ ಕಟ್ಟಬಹುದು ಎಂದು ಮೊದಲೇ ಒಪ್ಪಿಕೊಂಡು ಬಾಗಿಲನ್ನು ತೆರೆದಿಟ್ಟಿರುತ್ತದೆ.

ನಮ್ಮ ಜಗಳವಿರುವುದು ನಗದ ಪಟ್ಟಿಗಳೊಡನೆ. ಅವೂ ಮನಸ್ಸಿಗೆ ಬಂದಂತೆಯೇ ಕಟ್ಟಿದುವು. ಆದರೆ ಶಾಸ್ತ್ರದ ಅಂಗಿ ತೊಟ್ಟು ಬರುತ್ತವೆ. ೨೦೦೭ರ ಜುಲೈ ೭ರಂದು ಲಿಸ್ಬನ್ ನಗರದಲ್ಲಿ ಜಗತ್ತಿನ ಏಳು ಹೊಸ ಅದ್ಭುತಗಳೆಂಬ ಪಟ್ಟಿಯನ್ನು ಸಾರಿದರು. ಅದಕ್ಕೆ ಮುಂಚೆ ಎಷ್ಟೋ ದಿನಗಳ ಕಾಲ, ತಾಜಮಹಲಿಗೆ ಮತ ಹಾಕುವುದು ದೇಶಭಕ್ತಿಯ ಕರ್ತವ್ಯವೆಂದು ನಮ್ಮಲ್ಲಿ ಡಂಗುರ ಹೊಡೆದುದು ವಾಚಕರಿಗೆ ನೆನಪಿರಬಹುದು. ಪಟ್ಟಿಯನ್ನು ಕಟ್ಟಿದವರು ಸ್ವಿಟ್ಜರ್ಲೆಂಡಿನ ಖಾಸಗಿ ಜನ. ತನಗೂ ಅದಕ್ಕೂ ಸಂಬಂಧವಿಲ್ಲವೆಂದು ಯುನೆಸ್ಕೋ ಸಂಸ್ಥೆಯು ಸ್ಪಷ್ಟವಾಗಿ ತಿಳಿಸಿತ್ತು. ದೂರವಾಣಿಯಲ್ಲಿ ಒಬ್ಬನೇ ಹಲವು ಬಾರಿ ಮತ ಹಾಕುವುದಕ್ಕೆ ಅಡ್ಡಿಯಿರಲಿಲ್ಲ. ಪುರಾತನ ಅದ್ಭುತಗಳಲ್ಲಿ ಇಂದಿಗೂ ನಿಂತಿರುವುದು ತಮ್ಮ ಪಿರಮಿಡ್ ಒಂದೇ, ಅದು ಮತ ಬೇಡಲು ಹೋಗಲಾರದು ಎಂದು ಈಜಿಪ್ಟಿನವರು ಪ್ರತಿಭಟಿಸಿದರು. ಅದಕ್ಕೆ ಗೌರವಸ್ಥಾನ ಕೊಟ್ಟು ಪಕ್ಕಕ್ಕೆ ಕೂರಿಸಿದರು. ಈಜಿಪ್ಟಿನವರ ಸ್ವಾಭಿಮಾನವನ್ನು ನಾವು ಮೆಚ್ಚಿದೆವು. ಷಹಜಹಾನನ ಕಟ್ಟಡವು ಯಮುನೆಯ ದಡದಲ್ಲಿ ಹೊಗೆಯಿಂದ ಹಳದಿಯಾಗುತ್ತಿರಲು, ಅದನ್ನು ಕಾಯುವ ಕರ್ತವ್ಯವನ್ನು ಒಂದು ಸಂದೇಶ ಕಳುಹಿಸಿ ತೀರಿಸಿಕೊಳ್ಳುವುದು ಯಾವ ಬಗೆಯ ದೇಶಭಕ್ತಿ?

ಇನ್ನು ಸರ್ಕಾರಗಳೇ ಕಟ್ಟಿ ಸರ್ಕಾರಗಳೇ ಕುಣಿಯುವ ಪಟ್ಟಿಗಳು. ವಿಶ್ವಬ್ಯಾಂಕು ದೇಶದೇಶಗಳಲ್ಲಿ ವ್ಯಾಪಾರ ನಡೆಸುವ ಸೌಕರ್ಯವನ್ನಳೆದು ವರ್ಷವರ್ಷವೂ ಶ್ರೇಣಿ ಹೊರಡಿಸುತ್ತಿತ್ತು. ಅದರ ೨೦೧೫ರ ವರದಿಯಲ್ಲಿ ೧೪೨ನೆಯ ಸ್ಥಾನದಲ್ಲಿದ್ದ ಭಾರತವು ೨೦೨೦ರ ವರದಿಯಲ್ಲಿ ೬೩ನೆಯದಾಯಿತು. ಪ್ರತಿಯೊಂದು ಏರಿಕೆಗೂ ಉತ್ಸವ ನಡೆಯಿತು. ಕೆಲವು ದೇಶಗಳ ಅಂಕಿಗಳಲ್ಲಿ ಅಕ್ರಮ ನಡೆದಿದೆಯೆಂದು ಹೊರಬಿದ್ದು, ೨೦೨೧ರ ಸೆಪ್ಟೆಂಬರಿನಲ್ಲಿ ಬ್ಯಾಂಕು ಆ ಪಟ್ಟಿಯನ್ನೇ ನಿಲ್ಲಿಸಿಬಿಟ್ಟಿತು. ದೋಷಿಗಳ ಪೈಕಿ ನಮ್ಮ ದೇಶದ ಹೆಸರು ಇರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಏಣಿಯೇ ಮುರಿದ ಮೇಲೆ ಎಷ್ಟನೆಯ ಮೆಟ್ಟಿಲಿನಲ್ಲಿದ್ದೆವೆಂಬ ಲೆಕ್ಕವು ಯಾರಿಗೆ ಬೇಕು? ಮೈಸೂರು ನಗರವು ೨೦೧೬ರ ಸ್ವಚ್ಛತೆಯ ಸಮೀಕ್ಷೆಯಲ್ಲಿ ೭೩ ನಗರಗಳ ನಡುವೆ ಪ್ರಥಮವೆನಿಸಿದಾಗ ನಾವೆಲ್ಲರೂ ಹಿಗ್ಗಿದೆವು. ಮರುವರ್ಷ ೪೩೪ ನಗರಗಳು ಸೇರಿದುವು, ಮೈಸೂರು ಐದನೆಯದಾಯಿತು. ಕಸ ಗುಡಿಸುವ ಪೌರಕಾರ್ಮಿಕರು ಮೊದಲ ವರ್ಷಕ್ಕಿಂತ ಎರಡನೆಯ ವರ್ಷ ಕಡಿಮೆ ಗುಡಿಸಿದರೆಂದು ಇದರಿಂದ ಅರ್ಥವಾಗುವುದೆ? ಎಣಿಸುವ ಸಾಲು ಉದ್ದವಾಯಿತು, ಅಷ್ಟೆ. ಆದರೂ ಊರಿನ ಹಿರಿಯರು ಮಾನ ಹೋಯಿತೆಂಬಂತೆ ಮುಖ ಮಾಡಿಕೊಂಡರು. ಪೌರಕಾರ್ಮಿಕರ ಸಂಬಳದ ಮಾತನ್ನು ಅಷ್ಟೇ ಉತ್ಸಾಹದಿಂದ ಎತ್ತಿದವರು ಕೆಲವರು ಮಾತ್ರ.

ಎಲ್ಲಕ್ಕಿಂತ ಕ್ರೂರವಾದ ಪಟ್ಟಿ ಮಕ್ಕಳದು. ಪರೀಕ್ಷೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಮುಂದಾದವರ ಭಾವಚಿತ್ರಗಳು ಬರುತ್ತವೆ. ಆ ಮಕ್ಕಳು ದುಡಿದವರು, ಅವರನ್ನು ಹರಸುವುದು ಸರಿಯೇ. ಆದರೆ ಒಂದು ಅಂಕದಿಂದ ಹನ್ನೊಂದನೆಯದಾಗಿ ಉಳಿದ ಹುಡುಗಿಯ ಮನೆಯಲ್ಲಿ ಆ ಬೆಳಗ್ಗೆ ಒಲೆ ಹೇಗೆ ಉರಿಯಿತೆಂದು ಯಾರೂ ಬರೆಯುವುದಿಲ್ಲ. ತರಬೇತಿಯ ಅಂಗಡಿಗಳಂತೂ ಇದೇ ಭಾವಚಿತ್ರಗಳನ್ನು ಗೋಡೆಗೋಡೆಗೂ ಅಂಟಿಸಿ, ಕೆಲವೇ ವಾರ ಬಂದು ಹೋದವನನ್ನೂ ತಮ್ಮ ಸೃಷ್ಟಿಯೆಂದು ಮೆರೆಸುತ್ತಿದ್ದುವು. ೨೦೨೪ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ನಿಯಮಗಳನ್ನು ವಿಧಿಸಿ, ಶ್ರೇಣಿ ಪಡೆದ ವಿದ್ಯಾರ್ಥಿಯು ತಮ್ಮಲ್ಲಿ ಯಾವ ಪಾಠಕ್ರಮವನ್ನು ಎಷ್ಟು ಕಾಲ ಓದಿದನೆಂಬುದನ್ನು ಮರೆಮಾಚಕೂಡದೆಂದು ಕಟ್ಟು ಮಾಡಬೇಕಾಯಿತು. ತೋಫುವನ್ನು ಮಹಾಮಲ್ಲನೆಂದವನು ಯಾರಿಗೂ ಮೋಸ ಮಾಡಲಿಲ್ಲ. ಈ ಗೋಡೆಯ ಪಟ್ಟಿಯನ್ನು ನಂಬಿದ ರೈತನು ಹೊಲವನ್ನು ಅಡವಿಟ್ಟು ಮಗನನ್ನು ಪಟ್ಟಣಕ್ಕೆ ಕಳುಹಿಸುತ್ತಾನೆ.

ಇದನ್ನೆಲ್ಲ ಬರೆಯುವ ನಾವು ಪತ್ರಿಕೆಯನ್ನು ಮಾರಿ ಬದುಕುವವರೇ ಆದುದರಿಂದ, ನಮ್ಮ ಕಡೆಯ ಏರ್ಪಾಟನ್ನೂ ಇಲ್ಲಿಯೇ ತಿಳಿಸುವುದು ಯುಕ್ತ. ಮುಂದಿನ ತಿಂಗಳಿನಿಂದ ಭಾನುವಾರದ ಸಂಚಿಕೆಯಲ್ಲಿ ಪಟ್ಟಿಗೆ ಒಂದು ಅಂಕಣ ಮೀಸಲಾಗುವುದು. ಗಂಭೀರವಾದ ಶ್ರೇಣಿ ಯಾವುದನ್ನಾದರೂ ಪ್ರಕಟಿಸುವಾಗ ಅದನ್ನು ಕಟ್ಟಿದವರು ಯಾರು, ಹಣ ಕೊಟ್ಟವರು ಯಾರು, ಎಷ್ಟನ್ನು ನೋಡಿ ಎಷ್ಟನ್ನು ಬಿಟ್ಟರು ಎಂಬುದು ಶ್ರೇಣಿಯಷ್ಟೇ ದಪ್ಪ ಅಕ್ಷರದಲ್ಲಿ ಇರುವುದು. ಇದು ತಿಳಿಯದಿದ್ದಲ್ಲಿ ಶ್ರೇಣಿಯೂ ಇರದು. ಪರೀಕ್ಷೆಯ ಮಕ್ಕಳಿಗೆ ಸಂಖ್ಯೆಯನ್ನು ಕಟ್ಟುವುದಿಲ್ಲ. ಜಿಲ್ಲೆಯಲ್ಲಿ ತೇರ್ಗಡೆಯಾದವರ ವಿವರವನ್ನು ಕೊಡುವೆವು. ಇದರಿಂದ ಆ ದಿನ ಪ್ರತಿಗಳು ಮಿಕ್ಕರೆ ನಷ್ಟವು ನಮ್ಮದು, ಏಜೆಂಟರಿಂದ ಅವನ್ನು ಹಿಂದಕ್ಕೆ ತೆಗೆದುಕೊಳ್ಳುವೆವು. ಇನ್ನು ನಗೆಯ ಪಟ್ಟಿಗಳನ್ನು ವಾಚಕರೇ ಕಳುಹಿಸಬಹುದು. ಹತ್ತಕ್ಕೆ ಮೀರಕೂಡದು, ಕಾಗದದ ಒಂದೇ ಮಗ್ಗುಲಿನಲ್ಲಿ ಬರೆದಿರಬೇಕು, ಯಾರ ಜಾತಿಯನ್ನೂ ಮೈಬಣ್ಣವನ್ನೂ ಹಾಸ್ಯ ಮಾಡಿರಕೂಡದು. ಮೊದಲ ವಾರದ ವಿಷಯ, ಓದಿಸಿಕೊಳ್ಳದ ಅಗ್ರಲೇಖನಗಳ ಹತ್ತು ಲಕ್ಷಣಗಳು. ಮೇಲೆ ಹೇಳಿದ ಏಜೆಂಟರಿಂದಲೇ ಮೊದಲನೆಯದು ಬರಬಹುದೆಂದು ನಿರೀಕ್ಷಿಸಿದ್ದೇವೆ.